ಕಾರ್ಮಿಕರ ಹಕ್ಕು ಮಾನವ ಹಕ್ಕು ಹೇಗೆ? ಬೆಂಗಳೂರಿನ ದುಡಿಯುವ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮನಹಳ್ಳಿ, ಕೆ.ಆರ್. ಮಾರ್ಕೆಟ್, ವೈಟ್‌ಫೀಲ್ಡ್ ಕಡೆ ಕಾರ್ಮಿಕರ ಜೊತೆ ಕೂತು ಮಾತಾಡಿದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಮೊದಲೇ ಒಂದು ಮಾತು: ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕನಿಷ್ಠ ವೇತನ ಕಾಯ್ದೆ, ಕಾರ್ಖಾನೆ ಕಾಯ್ದೆ ಎಂದು ನಾವು ಇಷ್ಟು ವರ್ಷ ಹೇಳುತ್ತಿದ್ದ ಹಳೆಯ ಕಾನೂನುಗಳು ಈಗ ಆ ಸಂಹಿತೆಗಳೊಳಗೆ ಸೇರಿಹೋಗಿವೆ. ಕಲಂ ನಂಬರ್ ಬದಲಾಗಿದೆ, ಕೆಲವು ಕಡೆ ರಕ್ಷಣೆಯೂ ತೆಳುವಾಗಿದೆ. ಆದರೆ ಕೆಳಗೆ ಹೇಳಿರುವ ಮೂಲ ತತ್ವಗಳು ಸಂವಿಧಾನದಿಂದ ಬಂದವು, ಅವು ಹಾಗೇ ಇವೆ.

ಸಂಬಳ, ರಜೆ, ಪಿಎಫ್ ಎಲ್ಲ ನನಗೂ ಕಂಪನಿಗೂ ಇರುವ ವ್ಯವಹಾರ. ಇದರಲ್ಲಿ ಮಾನವ ಹಕ್ಕು ಎಲ್ಲಿಂದ ಬಂತು?

ಮಾನವ ಹಕ್ಕು ಅಂದ ಕೂಡಲೇ ನಮಗೆ ಲಾಕಪ್ ಸಾವು, ಪೊಲೀಸ್ ದೌರ್ಜನ್ಯ ನೆನಪಾಗುತ್ತದೆ. ಆದರೆ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ತೆಗೆದು ನೋಡಿ. ಚಿತ್ರಹಿಂಸೆ ಕೂಡದು ಎನ್ನುವ ಅದೇ ಪಟ್ಟಿಯಲ್ಲಿ 23ನೇ ವಿಧಿ ಇದೆ: ಕೆಲಸದ ಹಕ್ಕು, ಸಮಾನ ಕೆಲಸಕ್ಕೆ ಸಮಾನ ವೇತನ, ಕುಟುಂಬ ಮರ್ಯಾದೆಯಿಂದ ಬದುಕುವಷ್ಟು ಸಂಬಳ, ಸಂಘ ಕಟ್ಟುವ ಹಕ್ಕು. 24ನೇ ವಿಧಿ ವಿಶ್ರಾಂತಿಯ ಬಗ್ಗೆ: ಕೆಲಸದ ಗಂಟೆಗೆ ಮಿತಿ ಇರಬೇಕು, ಸಂಬಳ ಸಹಿತ ರಜೆ ಸಿಗಬೇಕು. ಇವನ್ನು ಯಾರೂ ಆಮೇಲೆ ತಂದು ಸೇರಿಸಲಿಲ್ಲ. ಮೊದಲ ದಿನದಿಂದಲೂ ಅಲ್ಲೇ ಇವೆ.

ಅದಕ್ಕೂ ಮುಂಚೆ, 1944ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಫಿಲಡೆಲ್ಫಿಯಾ ಘೋಷಣೆಯಲ್ಲಿ ದುಡಿಮೆ ಮಾರಾಟದ ಸರಕಲ್ಲ ಎಂದು ಬರೆದುಕೊಂಡಿತ್ತು. 1919ರಲ್ಲಿ ಆ ಸಂಸ್ಥೆ ಹುಟ್ಟಿದಾಗಿನಿಂದಲೂ ಭಾರತ ಅದರ ಸದಸ್ಯ. ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೂ 1979ರಲ್ಲಿ ನಮ್ಮ ದೇಶ ಸೇರಿದೆ. ಇನ್ನು ನಮ್ಮ ಸಂವಿಧಾನದಲ್ಲಿ 21ನೇ ವಿಧಿ ಬದುಕುವ ಹಕ್ಕನ್ನು ಕೊಡುತ್ತದೆ, 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ, 24ನೇ ವಿಧಿ ಕಾರ್ಖಾನೆ, ಗಣಿಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ತಡೆಯುತ್ತದೆ.

ಸರಿ, ಮಾನವ ಹಕ್ಕು ಅಂತಲೇ ಕರೆಯೋಣ. ಅದರಿಂದ ನನ್ನ ಸಂಬಳದಲ್ಲಿ ಒಂದು ರೂಪಾಯಿ ಜಾಸ್ತಿ ಆಗುತ್ತದಾ?

ಆಗುತ್ತದೆ. ಸುಪ್ರೀಂ ಕೋರ್ಟಿನ ದೊಡ್ಡದೊಂದು ತೀರ್ಪು ಹುಟ್ಟಿದ್ದೇ ಒಂದು ರೂಪಾಯಿಯಿಂದ.

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಬೇಕಿತ್ತು. ಕ್ರೀಡಾಂಗಣ, ಫ್ಲೈಓವರ್ ಕಟ್ಟಲು ದೇಶದ ಮೂಲೆ ಮೂಲೆಯಿಂದ ಕೂಲಿಕಾರರನ್ನು ಕರೆತಂದಿದ್ದರು. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ (ಕೂಲಿಕಾರರನ್ನು ಒದಗಿಸುವ ಮಧ್ಯವರ್ತಿಗಳ) ಕೈಗೆ ಕೊಡುತ್ತಿದ್ದರು, ಜಮಾದಾರರು ತಲೆಗೆ ಒಂದು ರೂಪಾಯಿ ಕಮಿಷನ್ ಮುರಿದುಕೊಂಡು 8 ರೂಪಾಯಿ 25 ಪೈಸೆ ಹಂಚುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಹಕ್ಕುಗಳ ಸಂಘಟನೆ ಈ ಬಗ್ಗೆ ಬರೆದ ಪತ್ರವನ್ನೇ ಕೋರ್ಟ್ ಅರ್ಜಿಯೆಂದು ತೆಗೆದುಕೊಂಡಿತು. ಇದು ಬರೀ ಕಾರ್ಮಿಕ ಕಾನೂನಿನ ಉಲ್ಲಂಘನೆ, ಮೂಲಭೂತ ಹಕ್ಕಿನ ಪ್ರಶ್ನೆಯಲ್ಲ ಎಂಬ ವಾದ ಬಂತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅದನ್ನು ಒಪ್ಪಲಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಬ್ಬ ಮನುಷ್ಯ ದುಡಿಯುತ್ತಿದ್ದಾನೆ ಎಂದರೆ ಯಾವುದೋ ಒತ್ತಡ ಅವನನ್ನು ದೂಡುತ್ತಿದೆ, ಹಸಿವೂ ಬಡತನವೂ ಅಂಥ ಒತ್ತಡವೇ, ಹಾಗಾಗಿ ಇದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ತೀರ್ಪು ಬಂತು. 23ನೇ ವಿಧಿ ಸರ್ಕಾರದ ವಿರುದ್ಧ ಮಾತ್ರವಲ್ಲ, ಖಾಸಗಿಯವರ ವಿರುದ್ಧವೂ ನಿಲ್ಲುತ್ತದೆ ಎಂದೂ ಅದೇ ತೀರ್ಪು ಹೇಳಿತು.

ಇದರ ಅರ್ಥ ಇಷ್ಟು: ಕನಿಷ್ಠ ಕೂಲಿ ಮಾಲೀಕರು ಒಳ್ಳೆಯವರಾಗಿದ್ದರೆ ಸಿಗುವ ಕೊಡುಗೆ ಅಲ್ಲ, ಚೌಕಾಸಿಯಲ್ಲಿ ಗೆದ್ದುಕೊಳ್ಳುವ ವಸ್ತುವೂ ಅಲ್ಲ. ಅದರ ಕೆಳಗೆ ಇಳಿದರೆ ಮುರಿಯುವುದು ಸಂವಿಧಾನ.

ನಾನೇ ಒಪ್ಪಿ ಸಹಿ ಹಾಕಿದ್ದೇನೆ. ಈಗ ಕೇಳುವ ಹಾಗಿದೆಯಾ?

ಖಂಡಿತ ಇದೆ. ಈ ಪ್ರಶ್ನೆ ಕೇಳುವವರ ಮುಖದಲ್ಲಿ ತಪ್ಪು ಮಾಡಿದವರ ಅಳುಕು ಇರುತ್ತದೆ, ಅದೇ ನನಗೆ ಹೆಚ್ಚು ಸಂಕಟ. ಕನಿಷ್ಠ ವೇತನ ಬೇಡ, ಓಟಿ ಬೇಡ ಎಂದು ಕಾರ್ಮಿಕರಿಂದ ಬರೆಸಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲೂ ಹೀಗೇ ಇತ್ತು, ಈಗಿನ ವೇತನ ಸಂಹಿತೆಯಲ್ಲೂ ಹೀಗೇ ಇದೆ. ಖಾಲಿ ಹಾಳೆಗೆ ಹಾಕಿಸಿಕೊಂಡ ಸಹಿಯಾಗಲಿ, 'ಎಲ್ಲ ಬಾಕಿ ಮುಟ್ಟಿದೆ' ಎಂದು ಬರೆಸಿಕೊಂಡ ಚೀಟಿಯಾಗಲಿ ನಿಮ್ಮ ಹಕ್ಕನ್ನು ಅಳಿಸುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಂಬಳ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಎಂದು ನೀವು ಅರ್ಜಿ ಹಾಕಿದರೆ, ಪೂರ್ತಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಅರ್ಜಿ ಹಾಕಲು ಮೂರು ವರ್ಷ ಸಮಯವಿದೆ.

ಕನಿಷ್ಠ ವೇತನವನ್ನು ಯಾವ ಲೆಕ್ಕದಲ್ಲಿ ಕಟ್ಟುತ್ತಾರೆ?

1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಹಾಕಿಕೊಟ್ಟಿತು. ದುಡಿಯುವ ಒಬ್ಬರ ಸಂಬಳದಲ್ಲಿ ಮೂರು ಜನರ ಬದುಕು ನಡೆಯಬೇಕು. ಒಬ್ಬರಿಗೆ ದಿನಕ್ಕೆ 2,700 ಕ್ಯಾಲರಿ ಊಟ, ಮನೆಮಂದಿಗೆಲ್ಲ ಸೇರಿ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಸೌದೆ ದೀಪ ಮುಂತಾದ್ದಕ್ಕೆ ಒಟ್ಟು ಮೊತ್ತದ ಶೇ. 20. ಸುಪ್ರೀಂ ಕೋರ್ಟ್ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಇದಕ್ಕೆ ಇನ್ನೂ ಶೇ. 25 ಸೇರಿಸಿತು: ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿನ ಕಾಲ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಲಗ್ಗೆರೆಯಲ್ಲೋ ಗಾರ್ವೇಭಾವಿಪಾಳ್ಯದಲ್ಲೋ ಒಂದು ಸಿಂಗಲ್ ರೂಮಿನ ಬಾಡಿಗೆ, ಅಡ್ವಾನ್ಸು, ನೀರಿನ ದುಡ್ಡು, ಗ್ಯಾಸು, ಮಗುವಿನ ಸ್ಕೂಲ್ ಫೀಸು ಬರೆದು ಕೂಡಿ ನೋಡಿ. ನಿಮ್ಮ ಪೇ ಸ್ಲಿಪ್ಪಿನ ಮೊತ್ತವನ್ನು ಪಕ್ಕದಲ್ಲಿ ಇಟ್ಟು ನೋಡಿ. ಹಬ್ಬ, ಮುಪ್ಪು ಎಂಬ ಸಾಲುಗಳಿಗೆ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಕೋರ್ಟು ಆ ಸಾಲುಗಳನ್ನು ಬರೆದದ್ದು ಹಾಗಾಗಬಾರದು ಎಂದೇ.

ಗಾರ್ಮೆಂಟ್ಸಿನಲ್ಲಿ ಸಂಬಳ ಸರಿಯಾಗಿ ಬ್ಯಾಂಕಿಗೆ ಬರುತ್ತೆ. ಆದರೆ ಸೂಪರ್‌ವೈಸರ್ ಬೈಯ್ತಾರೆ, ಟಾಯ್ಲೆಟ್ಟಿಗೆ ಹೋದರೆ ಮುಖ ಗಂಟು ಹಾಕ್ತಾರೆ. ಇದನ್ನೆಲ್ಲ ಹಕ್ಕು ಅಂತ ಕೇಳೋಕಾಗುತ್ತಾ?

ಆಗುತ್ತದೆ, ಕೇಳಲೇಬೇಕು. ಮಾನವ ಹಕ್ಕು ಎಂಬ ಮಾತಿಗೆ ಪೂರ್ತಿ ಅರ್ಥ ಬರುವುದು ಇಂಥ ಕಡೆ.

ಲೈನಿನಲ್ಲಿ ಏನಾಗುತ್ತದೆ ಎಂದು ಹೊರಗಿನವರಿಗಾಗಿ ಹೇಳುತ್ತೇನೆ. ಒಬ್ಬರು ಕಾಲರ್ ಹೊಲಿಯುತ್ತಾರೆ, ಮುಂದಿನವರು ಅದನ್ನು ಜೋಡಿಸುತ್ತಾರೆ, ಅದರ ಮುಂದಿನವರು ತೋಳು ಹಚ್ಚುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಟಾರ್ಗೆಟ್ ಬರೆದಿರುತ್ತದೆ. ಒಬ್ಬರು ಎದ್ದುಹೋದರೆ ಅವರ ಮೆಷಿನ್ ಮುಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಹಿಂದಿನವರದ್ದು ನಿಲ್ಲುತ್ತದೆ, ಸೂಪರ್‌ವೈಸರ್ ಕೂಗಲು ಶುರು ಮಾಡುತ್ತಾರೆ. ಹೀಗಾಗಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುವ ಹೆಂಗಸರಿದ್ದಾರೆ. ಮನೆಯಿಂದ ತಂದ ಬಾಟಲಿ ಸಂಜೆ ಹಾಗೇ ವಾಪಸ್ ಹೋಗುತ್ತದೆ. ಉರಿಮೂತ್ರ, ಸೊಂಟ ನೋವು ಎಂದು ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವಾಗ ಅದಕ್ಕೂ ಟಾರ್ಗೆಟ್ ಬೋರ್ಡಿಗೂ ಸಂಬಂಧ ಇದೆ ಎಂದು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ.

ಕಾರ್ಮಿಕರ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಶೌಚಾಲಯ, ಕುಡಿಯುವ ನೀರು, ಕ್ರೆಷ್ (ಮಕ್ಕಳನ್ನು ನೋಡಿಕೊಳ್ಳುವ ಕೋಣೆ), ಕೂರುವ ವ್ಯವಸ್ಥೆ ಇವೆಲ್ಲ ಕಾನೂನಿನಲ್ಲೇ ಇವೆ. ಬೈಗುಳ ಲೈಂಗಿಕ ಅರ್ಥದ್ದಾಗಿದ್ದರೆ, ಮೈ ಮುಟ್ಟಿದರೆ, ಅದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಕೆಳಗೆ ಬರುತ್ತದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರಾ ನೋಡಿ. ಹಾಕಿಲ್ಲ ಅಂದರೆ ಮೊದಲ ಪ್ರಶ್ನೆ ಅದೇ ಆಗಲಿ.

ಇನ್ನೊಂದು ದಾರಿಯೂ ಇದೆ. ಈ ಶರ್ಟುಗಳು ಹೋಗುವುದು ಯುರೋಪ್, ಅಮೆರಿಕದ ಅಂಗಡಿಗಳಿಗೆ. ವಿಶ್ವಸಂಸ್ಥೆ 2011ರಲ್ಲಿ ಒಪ್ಪಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳ ಪ್ರಕಾರ, ಬ್ರ್ಯಾಂಡುಗಳು ತಮಗೆ ಮಾಲು ಒದಗಿಸುವ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೂ ಕಣ್ಣು ಮುಚ್ಚುವಂತಿಲ್ಲ. ಹೊಲಿಯುವ ಬಟ್ಟೆಯ ಲೇಬಲ್ ಯಾವುದು ಎಂದು ನೆನಪಿಟ್ಟುಕೊಳ್ಳಿ. ಮುಂದೆ ಸಂಘದವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಪಿಎಫ್ ಬಗ್ಗೆ ಬೆಂಗಳೂರಿನ ಹೆಂಗಸರು ರಸ್ತೆಗಿಳಿದಿದ್ದರಂತೆ, ಹೌದಾ?

ಹೌದು, 2016ರ ಏಪ್ರಿಲ್ 18 ಮತ್ತು 19. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು: ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ. ಮೂವತ್ತೈದು ನಲವತ್ತಕ್ಕೆ ಕಣ್ಣು, ಬೆನ್ನು ಸೋತು ಕೆಲಸ ಬಿಡುವ ಗಾರ್ಮೆಂಟ್ಸ್ ಹೆಂಗಸಿಗೆ 58 ಎಂದರೆ ಏನರ್ಥ? ಅವಳಿಗೆ ಪಿಎಫ್ ಎಂದರೆ ಸಾಲ ತೀರಿಸುವ ದುಡ್ಡು, ಮಗಳ ಕಾಲೇಜಿನ ದುಡ್ಡು. ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿಯ ಹತ್ತಿರ ಕಾರ್ಖಾನೆಯಿಂದ ಹೊರಬಂದ ಹೆಂಗಸರು ರಸ್ತೆ ತುಂಬಿ ನಿಂತರು. ಮಾರನೇ ದಿನ ತುಮಕೂರು ರಸ್ತೆಯ ಕಡೆಯೂ ಹಾಗೇ ಆಯಿತು. ದೊಡ್ಡ ನಾಯಕರು ಯಾರೂ ಮುಂದೆ ನಿಂತು ಕರೆ ಕೊಟ್ಟಿರಲಿಲ್ಲ. ಏಪ್ರಿಲ್ 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಕಲ್ಲು ತೂರಾಟ, ಬಸ್ಸಿಗೆ ಬೆಂಕಿ, ಲಾಠಿ, ಕೇಸು ಎಲ್ಲವೂ ಆ ಎರಡು ದಿನದಲ್ಲಿ ಆದವು, ಅದನ್ನು ಮರೆಮಾಚಬೇಕಿಲ್ಲ. ಆದರೆ ದೇಶದ ಉದ್ದಗಲಕ್ಕೂ ಕೋಟ್ಯಂತರ ಪಿಎಫ್ ಖಾತೆದಾರರಿಗೆ ಸಿಕ್ಕ ಆ ಗೆಲುವನ್ನು ತಂದುಕೊಟ್ಟವರು ನಮ್ಮ ಊರಿನ ಟೈಲರ್, ಹೆಲ್ಪರ್ ಹೆಂಗಸರು.

ಡೆಲಿವರಿ ಮಾಡ್ತೀನಿ. ನನಗೆ ಮಾಲೀಕರೇ ಇಲ್ಲ ಅಂತಾರೆ. ನನ್ನ ಹಕ್ಕನ್ನು ಯಾರ ಹತ್ತಿರ ಕೇಳಲಿ?

ಮಳೆಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಮ್ಮ ಬೈಕ್ ಜಾರಿದರೆ ಕಾಲು ಮುರಿಯುವುದು ನಿಮ್ಮದೇ. ಒಪ್ಪಂದದಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ ಎಂಬುದರ ಮೇಲೆ ಕಾರ್ಮಿಕ ಕಾನೂನು ನಿಂತಿರಬಹುದು, ಮಾನವ ಹಕ್ಕು ನಿಂತಿಲ್ಲ. ಈ ವ್ಯತ್ಯಾಸ ಗಿಗ್ ಕೆಲಸದಲ್ಲಿ, ಅಂದರೆ ಆ್ಯಪ್ ಮೂಲಕ ಸಿಗುವ ಬಿಡಿ ಕೆಲಸದಲ್ಲಿ, ಕಂಡಷ್ಟು ಢಾಳಾಗಿ ಬೇರೆಲ್ಲೂ ಕಾಣುವುದಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿದೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂತು. ರಾಜಸ್ಥಾನ 2023ರಲ್ಲಿ ಮೊದಲು ಇಂಥದ್ದೊಂದು ಕಾಯ್ದೆ ಮಾಡಿತ್ತು. ನಮ್ಮ ಕಾಯ್ದೆಯಲ್ಲಿ ಕಲ್ಯಾಣ ಮಂಡಳಿ ಇದೆ. ಪ್ರತಿ ಆರ್ಡರಿಗೆ ನಿಮಗೆ ಕೊಡುವ ಮೊತ್ತದ ಶೇ. 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ಕೊಟ್ಟು, 14 ದಿನ ಮುಂಚೆ ನೋಟಿಸ್ ಕೊಡದೆ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ಆರ್ಡರ್ ಹಂಚುವ, ರೇಟಿಂಗ್ ಕೊಡುವ ಸಾಫ್ಟ್‌ವೇರ್ ನಿಮ್ಮ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಎಂಬ ಮಾಹಿತಿಯನ್ನು ಕೇಳಿದರೆ ಕೊಡಬೇಕು. ರಾತ್ರೋರಾತ್ರಿ ಐಡಿ ಬ್ಲಾಕ್ ಆಗಿ, ಯಾರಿಗೆ ಫೋನ್ ಮಾಡಬೇಕು ಎಂದೂ ಗೊತ್ತಿಲ್ಲದೆ ನಿಂತವರಿಗೆ ಈ ನೋಟಿಸಿನ ಬೆಲೆ ಗೊತ್ತು. ಆದರೂ ಕನಿಷ್ಠ ವೇತನದ ಖಾತ್ರಿ ಇದರಲ್ಲಿ ಇಲ್ಲ. ಮುಂದಿನ ಹೋರಾಟ ಅದಕ್ಕಾಗಿ ನಡೆಯಬೇಕು ಎಂದು ನಾನು ನಂಬಿದ್ದೇನೆ.

ಐಟಿಯಲ್ಲಿದ್ದೇನೆ. ನಾನೂ ಕಾರ್ಮಿಕನೇ?

ಹೌದು. ರಾಜೀನಾಮೆ ಕೊಡದಿದ್ದರೆ ರಿಲೀವಿಂಗ್ ಲೆಟರ್ ಕೆಡಿಸುತ್ತೇವೆ ಎಂದು ಮೀಟಿಂಗ್ ರೂಮಿನಲ್ಲಿ ಕೂರಿಸಿಕೊಂಡು ಹೇಳಿದಾಗ ಅದು ಎಲ್ಲರಿಗೂ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಹಳೆಯ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಲೇ ಬಂದಿದ್ದರು. ಶಿಸ್ತುಕ್ರಮ, ವಜಾ, ರಜೆಗೆ ಲಿಖಿತ ನಿಯಮ ಇರಬೇಕು ಎನ್ನುವ ಕಾಯ್ದೆ ಅದು. ಇಂಥ ವಿನಾಯಿತಿ ಇದ್ದರೂ, ವಿಚಾರಣೆ ಇಲ್ಲದೆ ಕೆಲಸ ಕಿತ್ತುಕೊಳ್ಳುವುದು ಜೀವನೋಪಾಯದ ಹಕ್ಕಿಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದ ಮಾತು ಮಾತ್ರ ಉಳಿದೇ ಇದೆ.

ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು?

ವಾರಕ್ಕೆ 48 ಗಂಟೆ, ಅದಕ್ಕಿಂತ ಹೆಚ್ಚಾದರೆ ದುಪ್ಪಟ್ಟು ದರದಲ್ಲಿ ಓಟಿ. ಈ 48 ತಾನಾಗಿ ಬಂದದ್ದಲ್ಲ. 1919ರ ಮೊದಲ ಅಂತರರಾಷ್ಟ್ರೀಯ ಒಡಂಬಡಿಕೆ ಜಗತ್ತಿಗೆ 48 ಎಂದಾಗ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ 60 ಎಂದು ಪ್ರತ್ಯೇಕವಾಗಿ ಬರೆದಿತ್ತು. ಅದು 54ಕ್ಕೆ ಇಳಿದು, 1946ರ ಕಾರ್ಖಾನೆ ತಿದ್ದುಪಡಿಯಲ್ಲಿ 48ಕ್ಕೆ ಬಂತು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್.

ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು, ವಾರದ 48 ಹಾಗೇ ಉಳಿಯಿತು. 2024ರ ಜುಲೈನಲ್ಲಿ ಐಟಿಗೆ 14 ಗಂಟೆ ಎಂಬ ಪ್ರಸ್ತಾಪ ಬಂದಾಗ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಜೋರಾಗಿ ವಿರೋಧಿಸಿತು. ದಿನಕ್ಕೆ 12 ಗಂಟೆ ಕೆಲಸ, ಅದರ ಮೇಲೆ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಕಳೆದರೆ ಒಬ್ಬ ತಾಯಿಗೆ ಮಗು ಎದ್ದಿರುವಾಗ ಮುಖ ನೋಡಲು ಸಮಯ ಎಲ್ಲಿ ಉಳಿಯಿತು? ವಿಶ್ರಾಂತಿಯನ್ನು ಮಾನವ ಹಕ್ಕು ಎಂದು ಬರೆದವರು ಇಂಥ ಲೆಕ್ಕವನ್ನೇ ನೋಡಿ ಬರೆದರು.

ನಾನು ಕಂಟ್ರಾಕ್ಟ್. ಪಕ್ಕದವರು ಪರ್ಮನೆಂಟ್. ಕೆಲಸ ಒಂದೇ, ಸಂಬಳ ಅರ್ಧ. ಇದು ಸರಿಯೇ?

ಸರಿಯಲ್ಲ. 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಕಾಯಂ ನೌಕರರ ವೇತನ ಶ್ರೇಣಿಯ ಕನಿಷ್ಠ ಮೊತ್ತ ಕೊಡಬೇಕು ಎಂದಿತು. ಹೊಟ್ಟೆಪಾಡಿಗಾಗಿ ಕಡಿಮೆಗೆ ಒಪ್ಪುವವರು ತಮ್ಮ ಘನತೆಯನ್ನು ಅಡವಿಟ್ಟು ಒಪ್ಪುತ್ತಾರೆ ಎಂಬುದನ್ನೂ ಕೋರ್ಟ್ ಗುರುತಿಸಿತು. ಆ ತೀರ್ಪು ಸರ್ಕಾರಿ ಕೆಲಸದ ಬಗ್ಗೆ. ಖಾಸಗಿ ಕಡೆ ದಾರಿ ಕಷ್ಟ, ಆದರೆ ಹೆಣ್ಣು ಗಂಡಿನ ನಡುವೆ ಸಂಬಳದ ತಾರತಮ್ಯ ಎಲ್ಲಿ ಮಾಡಿದರೂ ಅಪರಾಧ.

ಬೆಂಗಳೂರಿನ ಪೌರಕಾರ್ಮಿಕರನ್ನು ನೋಡಿ. ಬೆಳಗಿನ ಜಾವ ಮಸ್ಟರಿಂಗ್ ಜಾಗದಲ್ಲಿ ಹಾಜರಾತಿ ಕೊಟ್ಟು ಪೊರಕೆ ಹಿಡಿಯುವವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ವರ್ಷಗಟ್ಟಲೆ ಗುತ್ತಿಗೆದಾರರ ಪಟ್ಟಿಯಲ್ಲಿ ಹೆಸರಿತ್ತು. ಪಿಎಫ್ ಹಿಡಿದದ್ದು ಗೊತ್ತಿತ್ತು, ಕಟ್ಟಿದ್ದು ಗೊತ್ತಿರಲಿಲ್ಲ. 2022ರ ಜುಲೈನಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಕೂತು, ನಮ್ಮನ್ನು ಕಾಯಂ ಮಾಡಿ ಎಂದು ಪಟ್ಟು ಹಿಡಿದರು. 2025ರ ಮೇ ದಿನದಂದು ಸಾವಿರಾರು ಜನರ ಕೈಗೆ ನೇಮಕಾತಿ ಪತ್ರ ಬಂತು. ಆಟೋ ಟಿಪ್ಪರ್ ಓಡಿಸುವವರು, ಲೋಡರ್‌ಗಳು ಇನ್ನೂ ಹೊರಗೇ ಉಳಿದರು. ಜಾತಿ, ಹೆಣ್ಣುತನ, ಗುತ್ತಿಗೆ ಮೂರೂ ಒಂದೇ ಮೈಮೇಲೆ ಬಿದ್ದಾಗ ಅದನ್ನು ಬರೀ ಕೈಗಾರಿಕಾ ವಿವಾದ ಎಂದು ಕರೆದರೆ ಅರ್ಧ ಸತ್ಯ ಬಿಟ್ಟುಹೋಗುತ್ತದೆ.

ಮನೆಗೆಲಸ ಮಾಡುವ ನಮಗೆ ಯಾವ ಕಾನೂನು?

2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಅದು ಹೆಮ್ಮೆಯ ಸಂಗತಿ. ಆದರೆ ಜಯನಗರದಲ್ಲೋ ಎಚ್‌ಎಸ್‌ಆರ್ ಲೇಔಟಿನಲ್ಲೋ ಯಾರ ಮನೆಯ ಬಾಗಿಲನ್ನೂ ಇನ್‌ಸ್ಪೆಕ್ಟರ್ ತಟ್ಟುವುದಿಲ್ಲ. ವಾರದ ರಜೆ, ಕೆಲಸ ಬಿಡಿಸುವಾಗ ನೋಟಿಸು, ಹಬ್ಬದ ಬೋನಸು ಎಲ್ಲ ಅಮ್ಮನವರ ಮನಸ್ಸಿಗೆ ಬಿಟ್ಟದ್ದಾಗಿದೆ. ಮನೆಗೆಲಸದವರ ಬಗೆಗಿನ 2011ರ ಅಂತರರಾಷ್ಟ್ರೀಯ ಒಡಂಬಡಿಕೆ 189ನ್ನು ಭಾರತ ಇನ್ನೂ ಅಂಗೀಕರಿಸಿಲ್ಲ. ಲೈಂಗಿಕ ಕಿರುಕುಳ ತಡೆ ಕಾಯ್ದೆ ಮಾತ್ರ ನಿಮಗೂ ಅನ್ವಯಿಸುತ್ತದೆ, ಮನೆಯನ್ನೂ ಅದು ಕೆಲಸದ ಜಾಗವೆಂದೇ ನೋಡುತ್ತದೆ. ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಬೇರೆ ಲೋಟ, ಬೇರೆ ಲಿಫ್ಟು, ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸುವುದು ಇವೆಲ್ಲ ಘನತೆಯ ಪ್ರಶ್ನೆಗಳು. ಜಾತಿ ನೋಡಿ ಹೀಗೆ ಮಾಡಿದರೆ ಅದು ಸಂವಿಧಾನದ 17ನೇ ವಿಧಿ ನಿಷೇಧಿಸಿದ ಅಸ್ಪೃಶ್ಯತೆ.

ರಾಯಚೂರು, ಕಲಬುರಗಿ, ಒಡಿಶಾ, ಬಿಹಾರದಿಂದ ಬಂದವರಿಗೂ ಇದೇ ಹಕ್ಕುಗಳಾ?

ಎಲ್ಲರಿಗೂ. ಸಂವಿಧಾನದ 23ನೇ ವಿಧಿ ನಾಗರಿಕರಿಗೆ ಮಾತ್ರ ಎಂದೂ ಹೇಳುವುದಿಲ್ಲ, ಮನುಷ್ಯರೆಲ್ಲರಿಗೂ ಅನ್ವಯಿಸುತ್ತದೆ.

2020ರ ಮೇ ತಿಂಗಳ ಮೊದಲ ವಾರ ನೆನಪಿಸಿಕೊಳ್ಳಿ. ಲಾಕ್‌ಡೌನಿನಲ್ಲಿ ಕೆಲಸ, ಊಟ ಎರಡೂ ಇಲ್ಲದೆ ಊರಿಗೆ ಹೊರಟವರಿಗೆ ಶ್ರಮಿಕ್ ರೈಲುಗಳು ಓಡುತ್ತಿದ್ದವು. ಬಿಲ್ಡರುಗಳ ಜೊತೆ ಸಭೆ ನಡೆದ ಮೇಲೆ ಮೇ 5ರಂದು ರಾಜ್ಯ ಸರ್ಕಾರ, ಇನ್ನು ರೈಲು ಬೇಡ ಎಂದು ರೈಲ್ವೆಗೆ ಬರೆಯಿತು. ಅಂದರೆ ಕಟ್ಟಡ ಮುಗಿಯಬೇಕು, ಆದ್ದರಿಂದ ಕಟ್ಟುವವರು ಹೋಗಬಾರದು. ದೇಶವಿಡೀ ಖಂಡಿಸಿದ ಮೇಲೆ ಎರಡು ದಿನದಲ್ಲಿ ಆ ತೀರ್ಮಾನ ವಾಪಸ್ ಆಯಿತು. ಊರಿಗೆ ಹೋಗುತ್ತೇನೆ ಎನ್ನುವ ಮನುಷ್ಯನನ್ನು ಅವನ ದುಡಿಮೆ ಬೇಕೆಂಬ ಕಾರಣಕ್ಕೆ ಹಿಡಿದಿಡಲು ಹೊರಟದ್ದನ್ನು ನಾವು ಮರೆಯಬಾರದು.

ಊರ ಹೊರಗಿನ ಇಟ್ಟಿಗೆ ಗೂಡುಗಳಲ್ಲಿ ಅಡ್ವಾನ್ಸ್ ಕೊಟ್ಟು, ತೀರುವ ತನಕ ಹೋಗುವಂತಿಲ್ಲ ಎಂದರೆ ಅದು ಜೀತ, 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಿ. ಬಿಡಿಸಿದ ಮೇಲೆ ಬಿಡುಗಡೆ ಪತ್ರ ಕೇಳಿ ಪಡೆಯಿರಿ, ಪುನರ್ವಸತಿ ನೆರವಿಗೆ ಅದು ಬೇಕಾಗುತ್ತದೆ. ಆ ಸಾಲ ಕಾನೂನಿನ ಕಣ್ಣಲ್ಲಿ ರದ್ದಾದಂತೆಯೇ.

ಸಂಘ ಕಟ್ಟಿದರೆ ಕೆಲಸದಿಂದ ತೆಗೀತಾರೆ. ಮುಷ್ಕರ ಹೂಡುವ ಹಕ್ಕು ನಿಜವಾಗಲೂ ಇದೆಯಾ?

ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿ ಕೊಟ್ಟ ಮೂಲಭೂತ ಹಕ್ಕು. ಮುಷ್ಕರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುತ್ತ ಬಂದಿದೆ, ಸರ್ಕಾರಿ ನೌಕರರ ಬಗ್ಗೆ 2003ರಲ್ಲಿ ಬಹಳ ಕಟುವಾಗಿಯೇ ಹೇಳಿತು. ಕಾನೂನಿನ ಚೌಕಟ್ಟಿನಲ್ಲಿ ಮುಷ್ಕರ ಹೂಡಬಹುದು, ಈಗ ಎಲ್ಲ ಉದ್ಯಮಗಳಲ್ಲೂ 14 ದಿನದ ನೋಟಿಸ್ ಬೇಕು. ಸಂಘಟನೆಯ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಸಿ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಹಾಗೂ 98ನೇ ಒಡಂಬಡಿಕೆಗಳಿಗೆ ಭಾರತ ಇವತ್ತಿಗೂ ಸಹಿ ಮುದ್ರೆ ಒತ್ತಿಲ್ಲ. ನನ್ನ ಪ್ರಕಾರ ನಮ್ಮ ದೇಶದ ಕಾರ್ಮಿಕ ನೀತಿಯ ದೊಡ್ಡ ಕೊರತೆ ಇದು. ಒಬ್ಬೊಬ್ಬರಾಗಿ ಎಚ್‌ಆರ್ ಮುಂದೆ ನಿಂತಾಗ ಬೇರೆಲ್ಲ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು 1980ರ ಡಿಸೆಂಬರ್ ಕೊನೆಯಿಂದ 77 ದಿನ ಒಟ್ಟಾಗಿ ಮುಷ್ಕರ ನಿಂತ ಊರು ಇದು. ಹಳೆಯ ಬಡಾವಣೆಗಳ ಹಿರಿಯರನ್ನು ಮಾತಾಡಿಸಿದರೆ ಆ ದಿನಗಳ ಕಥೆ ಸಿಗುತ್ತದೆ.

ನಾನು ಸಣ್ಣ ವರ್ಕ್‌ಶಾಪ್ ನಡೆಸುವವನು. ಇಷ್ಟೆಲ್ಲ ಕೊಟ್ಟರೆ ಬಾಗಿಲು ಹಾಕಬೇಕಾಗುತ್ತದಲ್ಲ?

ನಿಮ್ಮ ಕಷ್ಟ ಸುಳ್ಳಲ್ಲ. ದೊಡ್ಡ ಕಂಪನಿ ಬಿಲ್ ಪಾಸ್ ಮಾಡಲು ತಿಂಗಳುಗಟ್ಟಲೆ ಸತಾಯಿಸುತ್ತದೆ, ದರ ಕೆಳಗಿಳಿಸು ಎನ್ನುತ್ತದೆ, ಆ ಒತ್ತಡ ನಿಮ್ಮಿಂದ ಲೇತ್ ಹಿಡಿದ ಹುಡುಗನ ಮೇಲೆ ಇಳಿಯುತ್ತದೆ. ಆದರೆ ಕನಿಷ್ಠ ವೇತನ ಕೊಡಲಾಗದ ಉದ್ದಿಮೆಗೆ ನಡೆಯುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ಹೇಳಿದೆ. ಗಾರ್ಡ್ ಇಲ್ಲದ ಪವರ್ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವನ ಮುಂದೆ ಲಾಭ ನಷ್ಟದ ಮಾತಿಗೆ ಜಾಗವಿಲ್ಲ. ಬಿಲ್ ವಿಳಂಬದ ವಿರುದ್ಧ ಸಣ್ಣ ಉದ್ದಿಮೆಗಳಿಗೂ ಕಾನೂನಿದೆ, 45 ದಿನದೊಳಗೆ ಪಾವತಿ ಆಗಬೇಕು. ಆ ಹಕ್ಕನ್ನು ನೀವು ಮೇಲಿನವರ ಹತ್ತಿರ ಕೇಳಿ, ಕಾರ್ಮಿಕರ ಸಂಬಳದಿಂದ ತುಂಬಿಕೊಳ್ಳಬೇಡಿ.

ಹಾಗಾದರೆ ಮಾನವ ಹಕ್ಕುಗಳ ಆಯೋಗಕ್ಕೇ ದೂರು ಕೊಡಬಹುದಲ್ಲ?

ಕೆಲವು ವಿಷಯಕ್ಕೆ ಮಾತ್ರ. ಜೀತ, ಬಾಲಕಾರ್ಮಿಕತೆ, ಮ್ಯಾನ್‌ಹೋಲ್ ಸಾವು, ದೂರು ಕೊಟ್ಟರೂ ಅಧಿಕಾರಿ ಕೈಕಟ್ಟಿ ಕೂತದ್ದು ಇಂಥವನ್ನು ಆಯೋಗ ತೆಗೆದುಕೊಳ್ಳುತ್ತದೆ, ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಆದರೆ ಸೇವಾ ವಿಷಯ, ಕೈಗಾರಿಕಾ ವಿವಾದಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ ಎಂಬ ನಿಲುವು ರಾಷ್ಟ್ರೀಯ ಆಯೋಗದ ನಿಯಮದಲ್ಲೇ ಇದೆ. ಮಾನವ ಹಕ್ಕು ಕಾಪಾಡಲು ಹುಟ್ಟಿದ ಸಂಸ್ಥೆ ದುಡಿಯುವವರ ದಿನನಿತ್ಯದ ಗೋಳನ್ನು ಬೇರೆ ಕಿಟಕಿಗೆ ಕಳಿಸುವುದು ನನಗೆ ಒಪ್ಪಿಗೆಯಾಗಿಲ್ಲ. ಈ ಗೋಡೆ ಬೀಳಬೇಕು.

ಈಗ ನಾನು ಎಲ್ಲಿಗೆ ಹೋಗಲಿ?

ಮೊದಲು ಕಾಗದ. ಪೇ ಸ್ಲಿಪ್, ಐಡಿ ಕಾರ್ಡ್, ಹಾಜರಾತಿಯ ಫೋಟೊ, ವಾಟ್ಸಾಪ್ ಮೆಸೇಜು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ನಿಮ್ಮ ಫೋನಲ್ಲಿ ಮಾತ್ರವಲ್ಲ, ಮನೆಯವರ ಫೋನಲ್ಲೂ ಇರಲಿ. ಏನೂ ಇಲ್ಲವಾದರೆ ಒಂದು ಡೈರಿಯಲ್ಲಿ ದಿನಾಂಕ, ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುತ್ತ ಬನ್ನಿ. ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಗುರುತಿನ) ನಂಬರ್ ಹಾಕಿ ಪಿಎಫ್ ಪಾಸ್‌ಬುಕ್ ತಿಂಗಳಿಗೊಮ್ಮೆ ನೋಡಿ, ಕಟ್ಟಿಲ್ಲ ಎಂದು ಮೂರು ವರ್ಷ ಆದ ಮೇಲೆ ತಿಳಿಯುವುದಕ್ಕಿಂತ ಅದು ಮೇಲು.

ಸಂಬಳ, ಓಟಿ, ವಜಾ ಇಂಥ ವಿಷಯಗಳಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಪಿಎಫ್‌ಗೆ ರಾಜಾ ರಾಮ್‌ಮೋಹನ್ ರಾಯ್ ರಸ್ತೆಯ ಭವಿಷ್ಯ ನಿಧಿ ಕಚೇರಿ. ಕಟ್ಟಡ ಕಾರ್ಮಿಕರಾಗಿದ್ದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಿ. ದೂರು ಕೊಟ್ಟಾಗ ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ: ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ. ಸಾಧ್ಯವಾದರೆ ಒಬ್ಬರೇ ಹೋಗಬೇಡಿ. ಅದೇ ತೊಂದರೆ ಇರುವ ನಾಲ್ಕು ಜನ ಒಟ್ಟಿಗೆ ಅರ್ಜಿ ಕೊಟ್ಟರೆ ಅದನ್ನು ಬದಿಗಿಡುವುದು ಕಷ್ಟ.

ನಾವು ಅಪಾರ್ಟ್‌ಮೆಂಟಿನವರು. ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಎಲ್ಲ ಏಜೆನ್ಸಿಯವರದ್ದು. ನಮಗೇನು ಹೊಣೆ?

ಹೊಣೆ ನಿಮ್ಮದೂ ಹೌದು. ಏಜೆನ್ಸಿ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರು ಕೊಡಬೇಕು ಎಂಬುದು ಗುತ್ತಿಗೆ ಕಾರ್ಮಿಕರ ಕಾನೂನಿನ ಹಳೆಯ ತತ್ವ. ತಿಂಗಳ ಬಿಲ್ ಪಾಸ್ ಮಾಡುವ ಮೊದಲು ಇಎಸ್‌ಐ, ಪಿಎಫ್ ಚಲನ್ ಕೇಳಿ, ಅದರ ಜೊತೆ ಹೆಸರಿನ ಪಟ್ಟಿ ಕೇಳಿ. ಗೇಟಿನಲ್ಲಿ ನಿಂತ ಅಣ್ಣನ ಹೆಸರು ಆ ಪಟ್ಟಿಯಲ್ಲಿದೆಯೇ ನೋಡಿ. 12 ಗಂಟೆ ಶಿಫ್ಟ್ ಎಂದರೆ ನಾಲ್ಕು ಗಂಟೆ ಓಟಿ, ಏಜೆನ್ಸಿಯ ದರಪಟ್ಟಿಯಲ್ಲಿ ಅದು ಇಲ್ಲ ಎಂದರೆ ಆ ಕಡಿಮೆ ದರ ಬಂದದ್ದು ಅವರ ಹೊಟ್ಟೆಯಿಂದಲೇ. ಗಾರ್ಡಿಗೆ ಕೂರಲು ಕುರ್ಚಿ, ಮಳೆಗೆ ಸೂರು, ಹೌಸ್‌ಕೀಪಿಂಗ್ ಅಕ್ಕಂದಿರಿಗೆ ಬೀಗ ಹಾಕದ ಶೌಚಾಲಯ ಕೊಡುವುದಕ್ಕೆ ಯಾವ ಏಜೆನ್ಸಿಯ ಅನುಮತಿಯೂ ಬೇಡ, ಮುಂದಿನ ಸಂಘದ ಸಭೆಯಲ್ಲೇ ತೀರ್ಮಾನ ಮಾಡಬಹುದು.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಸಂಪು, ಪಿಟ್ಟು ಕ್ಲೀನ್ ಮಾಡಲು ಯಾರನ್ನೂ ಒಳಗೆ ಇಳಿಸಬೇಡಿ. ಮೇಲೆ ಗಾಳಿ ಚೆನ್ನಾಗಿದ್ದರೂ ಕೆಳಗೆ ವಿಷಾನಿಲ ತುಂಬಿರುತ್ತದೆ. ಮೊದಲನೆಯವರು ಬಿದ್ದರೆ ಎತ್ತಲು ಇಳಿದ ಎರಡನೆಯವರೂ ಬೀಳುತ್ತಾರೆ, ಈ ನಗರದಲ್ಲಿ ಹಾಗೆ ಸತ್ತವರಿದ್ದಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಇಳಿಸಿದ್ದು ನಮ್ಮ ಏಜೆನ್ಸಿ ಎಂದರೆ ತಪ್ಪಿಸಿಕೊಳ್ಳಲಾಗದು. ಅಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಸಕ್ಕಿಂಗ್ ಮೆಷಿನ್ ಕರೆಸಿ. ಅದು ಬರುವುದು ಎರಡು ದಿನ ತಡವಾದರೆ ಎರಡು ದಿನ ಕಾಯಿರಿ.